ಪಕ್ಕದ ಗುರಿಗೆ ಬಿದ್ದ ಗುಂಡು

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಹೊಸ ಕಥೆಗಾರ್ತಿಯ ಮೊದಲ ಸಂಕಲನದ ವಿಮರ್ಶೆ ಓದಿದೆ. ಕೋವಿ ಹಿಡಿದು ಕೂತು ಬರೆದ ಹಾಗಿತ್ತು. ವಿಮರ್ಶೆ ಅಂದರೆ ಶೂಟಿಂಗಾ?"

ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಶೂಟಿಂಗನ್ನು ಬೈಗುಳದ ಹಾಗೆ ಬಳಸಿದ್ದೀರಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮ ವಿಮರ್ಶಕರು ಒಳ್ಳೆಯ ಶೂಟರ್‌ಗಳ ಹಾಗೆ ಬರೆಯಲಿ ಅಂತಲೇ ನನ್ನ ಆಸೆ.

ಹತ್ತು ಮೀಟರ್ ಏರ್ ರೈಫಲ್ ತಗೊಳ್ಳಿ. ಹತ್ತು ಅಂಕದ ನಡುಚುಕ್ಕೆ ಬರೀ 0.5 ಮಿಲಿಮೀಟರ್. ಹೊಡೆಯುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ಮೈ ಅಲುಗಬಾರದು, ಉಸಿರು ಹಿಡಿದಿರಬೇಕು, ಟ್ರಿಗರ್ ಒತ್ತಿದ್ದು ಬೆರಳಿಗೇ ಗೊತ್ತಾಗಬಾರದು. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೇ ನಿಲ್ಲಬೇಕು. 2008ರ ಬೀಜಿಂಗ್ ಫೈನಲ್‌ನಲ್ಲಿ ಕೊನೆಯ ಹೊಡೆತಕ್ಕೆ ಮುಂಚೆ ಅಭಿನವ್ ಬಿಂದ್ರಾ, ಫಿನ್‌ಲ್ಯಾಂಡಿನ ಹೆನ್ರಿ ಹಾಕಿನೆನ್ ಸಮಸಮ ಇದ್ದರು. ಫೈನಲ್‌ನಲ್ಲಿ ಹತ್ತರ ಚುಕ್ಕೆಯ ನಡುವಿಗೆ ಹತ್ತಿರವಾದಷ್ಟೂ ದಶಾಂಶದ ಅಂಕ ಸೇರುತ್ತದೆ. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದರು. ಹಾಕಿನೆನ್ 9.7 ಹೊಡೆದು ಕಂಚಿಗೆ ಇಳಿದರು. ಸಿಟ್ಟಿಟ್ಟುಕೊಂಡು ಮಾಡುವ ಕೆಲಸ ಇದಲ್ಲ, ಅಲ್ವಾ?

ನಮ್ಮ ವಿಮರ್ಶೆಯಲ್ಲಿ ಅಂಥ ಹೊಡೆತ ಒಂದಿದೆ. ಮೂರನೆಯ ಕಥೆಯಲ್ಲಿ ಅಜ್ಜಿ ಕೊಟ್ಟಿಗೆಯ ದೀಪ ಆರಿಸಿ ಬಂದು ಮಲಗುತ್ತಾಳೆ. ಕಥೆ ಅಲ್ಲಿಗೇ ಮುಗಿದಿದೆ, ಮುಂದಿನ ಎರಡು ಪುಟ ಬೇಡ ಅಂತ ವಿಮರ್ಶಕರು ಬರೆದಿದ್ದಾರೆ. ಆ ಎರಡು ಪುಟ ಬಿಟ್ಟು ಓದಿ ನೋಡಿದೆ. ಕಥೆ ಎಷ್ಟೋ ಗಟ್ಟಿಯಾಯಿತು. ಇಷ್ಟು ಸಣ್ಣ ಜಾಗ ಹುಡುಕಿ ಬೆರಳಿಡಬೇಕಾದರೆ ಪುಸ್ತಕವನ್ನು ಎಷ್ಟು ಪ್ರೀತಿಯಿಂದ ಓದಿರಬೇಕು! "ಒಳ್ಳೆಯ ಪ್ರಯತ್ನ, ಮುಂದುವರಿಯಲಿ" ಅಂತ ಸುಮ್ನೆ ಬೆನ್ನು ತಟ್ಟಿದ್ದಕ್ಕಿಂತ ಇದು ಕಥೆಗಾರ್ತಿಯ ಕೈ ಹಿಡಿಯುತ್ತದೆ.

ಇನ್ನು, "ಇವರು ಹಳ್ಳಿಯನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದಾರೆ" ಅನ್ನುವ ಕೊನೆಯ ಸಾಲು. ನಿಮಗೆ ಚುಚ್ಚಿದ್ದು ಅದೇ ಇರಬೇಕು. ಅಲ್ಲಿ ನಾನು ನಿಮ್ಮ ಕಡೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಅಮೆರಿಕದ ಮ್ಯಾಥ್ಯೂ ಎಮನ್ಸ್ 3 ಅಂಕ ಮುಂದಿದ್ದರು. ಉಳಿದದ್ದು ಒಂದೇ ಗುಂಡು. ಹೊಡೆದರು. ಅವರ ಗುರಿಯಲ್ಲಿ ಅಂಕವೇ ಮೂಡಲಿಲ್ಲ. ಗುಂಡು ಪಕ್ಕದ ಲೇನಿನ ಗುರಿಗೆ ಬಿದ್ದಿತ್ತು. ಸೊನ್ನೆ ಕೊಟ್ಟರು. ಚಿನ್ನ ಚೀನಾದ ಜಿಯಾ ಝಾನ್‌ಬೋ ಪಾಲಾಯಿತು, ಎಮನ್ಸ್ ಎಂಟನೆಯ ಸ್ಥಾನಕ್ಕೆ ಕುಸಿದರು. ಮೊದಲು ಲೇನಿನ ಸಂಖ್ಯೆ ನೋಡಿ, ಆಮೇಲೆ ಕೋವಿಯನ್ನು ಗುರಿಗೆ ಇಳಿಸುವುದು ಅವರ ರೂಢಿ. ಆ ಸಲ ಎದೆಬಡಿತ ತಣಿಸಿಕೊಳ್ಳುವುದರಲ್ಲೇ ಗಮನವೆಲ್ಲ ಹೋಗಿ, ಸಂಖ್ಯೆ ನೋಡಲೇ ಇಲ್ಲ.

ವಿಮರ್ಶೆಯಲ್ಲೂ ನನಗೆ ಜಾಸ್ತಿ ಭಯ ಇದರದ್ದೇ. ಕೈ ಪಳಗಿದವರಿಂದಲೇ ಇದಾಗುತ್ತದೆ. ವಾಕ್ಯ ಚೂಪಾಗಿ ಬಂತು ಅನ್ನುವ ಖುಷಿಯಲ್ಲಿ, ಅದು ಕಥೆಗೆ ತಾಗುತ್ತಿದೆಯೋ ಬರೆದವರಿಗೆ ತಾಗುತ್ತಿದೆಯೋ ಅಂತ ನೋಡುವುದೇ ಮರೆತುಹೋಗುತ್ತದೆ. ಹಳ್ಳಿ ಸುಳ್ಳಾಗಿ ಕಂಡರೆ ಯಾವ ಪುಟದ ಯಾವ ಮಾತು ಸುಳ್ಳು ಅಂತ ತೋರಿಸಲಿ. ಎಷ್ಟು ಖಾರವಾಗಿ ಬೇಕಾದರೂ ಬರೆಯಲಿ, ನಾನು ಒಂದಕ್ಷರ ಕತ್ತರಿಸುವುದಿಲ್ಲ. ಕಥೆಗಾರ್ತಿ ಎಲ್ಲಿ ಬೆಳೆದರು ಅನ್ನುವುದು ಪುಸ್ತಕದೊಳಗಿನ ಮಾತಲ್ಲ.

ಅಂದಹಾಗೆ, ಐದನೆಯ ಕಥೆಯ ಬಗ್ಗೆ ವಿಮರ್ಶೆಯಲ್ಲಿ ಚಕಾರವಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ನಿಮಗೆ ಅದು ಹೇಗನಿಸಿತು ಅಂತ ಒಂದು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಸಂಪಾದಕ