ನಗಿಸುವ ದೆವ್ವಗಳ ಡಿಸ್ಕು: ಓದುಗರು ಕೇಳಿದ್ದು, ನಾವು ಹೇಳಿದ್ದು

ಹಾರರ್ ಕಾಮಿಡಿ ಸಿನಿಮಾಗಳ ವಿಶೇಷ ಆವೃತ್ತಿಗಳನ್ನು ಕೂಡಿಡುವವರು ಪ್ರಶ್ನೆ ಕಳಿಸಬಹುದು ಎಂದಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನಷ್ಟೇ ಆರಿಸಿದ್ದೇವೆ.

ಅಮೆರಿಕದಿಂದ ಒಂದು ಬ್ಲೂರೇ ತರಿಸೀನ್ರಿ. ಪೆಟ್ಟಿಗಿ ಭಾಳ ಚಂದ ಅದ. ಪ್ಲೇಯರ್‌ಗೆ ಹಾಕಿದ್ರ ಈ ರೀಜನ್‌ದಾಗ ನಡಿಯಂಗಿಲ್ಲ ಅಂತ ತೋರಸ್ತದ. ಡಿಸ್ಕೇ ಖರಾಬ್ ಅದ ಏನ್ರಿ?
— ಬ್ರಹ್ಮಪುರ, ಕಲಬುರಗಿ

ಡಿಸ್ಕ್ ಖರಾಬಾಗಿಲ್ಲ. ಬ್ಲೂರೇಗೆ ಜಗತ್ತನ್ನು ಎ, ಬಿ, ಸಿ ಎಂದು ಮೂರು ಭಾಗ, ಅಂದರೆ ರೀಜನ್ ಮಾಡಿದ್ದಾರೆ, ಒಂದರ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಬೀಗ ಇರಬಹುದು. ಅಮೆರಿಕ ಎ, ಬ್ರಿಟನ್ ಮತ್ತು ಯುರೋಪಿನ ಬಹುಪಾಲು ಬಿ, ಭಾರತ ಸಿ. ಡಿವಿಡಿಯ ವಿಂಗಡಣೆ ಬೇರೆ: ಅಮೆರಿಕ 1, ಬ್ರಿಟನ್ 2, ಭಾರತ 5. ಪೆಟ್ಟಿಗೆಯ ಹಿಂಬದಿಯಲ್ಲಿ ಬ್ಲೂರೇ ಆದರೆ ಆರು ಮೂಲೆಯ ಚಿಹ್ನೆಯೊಳಗೆ ಅಕ್ಷರ, ಡಿವಿಡಿ ಆದರೆ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ. ಹಣ ಕಟ್ಟುವ ಮೊದಲು ಮಾರುವವರಿಂದ ಆ ಮೂಲೆಯ ಫೋಟೊ ತರಿಸಿಕೊಳ್ಳಿ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ಎ, ಬಿ, ಸಿ ಮೂರೂ ಅಕ್ಷರ ಇರುವ ಆವೃತ್ತಿ ಹುಡುಕುವುದು ಒಂದು. ಅದೇ ಸಿನಿಮಾದ 4ಕೆ ಡಿಸ್ಕ್ ಕೊಳ್ಳುವುದು ಎರಡನೆಯದು. 4ಕೆ ಡಿಸ್ಕಿಗೆ ರೀಜನ್ ಬೀಗವೇ ಇಲ್ಲ. ಆದರೆ ಅದರ ಜೊತೆಗೆ ಕೊಡುವ ಮಾಮೂಲಿ ಬ್ಲೂರೇಗೆ ಬೀಗ ಇರಬಹುದು, ಹೆಚ್ಚುವರಿ ಸಂದರ್ಶನಗಳೆಲ್ಲ ಬಹಳ ಸಲ ಆ ಡಿಸ್ಕಿನಲ್ಲೇ ಇರುತ್ತವೆ. ಮೂರನೆಯದು ಎಲ್ಲ ರೀಜನ್ ಓಡಿಸುವ ಪ್ಲೇಯರ್. ರಿಮೋಟಿನಲ್ಲಿ ನಂಬರ್ ಒತ್ತಿ ಬೀಗ ತೆಗೆಯುವ ಉಪಾಯ ಸಾಮಾನ್ಯವಾಗಿ ಡಿವಿಡಿಗಷ್ಟೇ ಸಾಕು. ಬ್ಲೂರೇಗೆ ಹೆಚ್ಚಿನ ಪ್ಲೇಯರ್‌ಗಳಲ್ಲಿ ಒಳಗೇ ಬದಲಾವಣೆ ಮಾಡಬೇಕಾಗುತ್ತದೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಐದನೆಯದಕ್ಕೆ ಯಾವುದಿರುತ್ತದೋ ಅದೇ ಕಾಯಂ.

ಅಮೆರಿಕದ ಪ್ಲೇಯರನ್ನೇ ತರಿಸುವ ಯೋಚನೆ ಇದ್ದರೆ ಹಿಂಬದಿಯ ಪಟ್ಟಿ ಓದಿ. 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ನೇರ ಹಾಕಿದ ಕ್ಷಣವೇ ಸುಡುತ್ತದೆ. ಇಳಿಕೆ ಟ್ರಾನ್ಸ್‌ಫಾರ್ಮರ್ ಬೇಕು. ಪ್ಲೇಯರ್ ಎಳೆಯುವುದು ಸಾಮಾನ್ಯವಾಗಿ 30 ವ್ಯಾಟಿನೊಳಗೆ, ಆದ್ದರಿಂದ 100 ವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಧಾರಾಳ.

'ಆರ್ಮಿ ಆಫ್ ಡಾರ್ಕ್‌ನೆಸ್' ನಿರ್ದೇಶಕರ ಕಟ್ 96 ನಿಮಿಷ ಅಂತ ಓದಿದ್ದೆ. ನನಗೆ ಸಿಕ್ಕ ಬ್ರಿಟನ್ ಡಿವಿಡಿಯ ಮೇಲೆ 92 ಅಂತಿದೆ. ನಾಲ್ಕು ನಿಮಿಷ ಕತ್ತರಿಸಿದ್ದಾರೆಯೇ?
— ಶಹಾಪುರ, ಯಾದಗಿರಿ ಜಿಲ್ಲೆ

ಒಂದು ಫ್ರೇಮೂ ಹೋಗಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಪಾಲ್ ಎಂಬ ಟಿವಿ ಪದ್ಧತಿಯ (ಬ್ರಿಟನ್ನಿನದು ಇದೇ) ಡಿವಿಡಿ ಓಡುವುದು 25. ಅದೇ ಫ್ರೇಮ್‌ಗಳು ಸ್ವಲ್ಪ ಬೇಗ ಓಡಿ ಮುಗಿಯುತ್ತವೆ, ದನಿಯೂ ತುಸು ಕೀರಲಾಗುತ್ತದೆ. ಮೂಲ ನಿಮಿಷವನ್ನು 0.96ರಿಂದ ಗುಣಿಸಿ ನೋಡಿ: 96ಕ್ಕೆ 92 ಬರುತ್ತದೆ. ಬ್ಲೂರೇ ಸಾಮಾನ್ಯವಾಗಿ 24ರಲ್ಲೇ ಓಡುವುದರಿಂದ ಅಲ್ಲಿ ಈ ಗುಣಾಕಾರ ಬೇಡ.

ಸಂಗ್ರಹಕಾರರು ಪೆಟ್ಟಿಗೆಯ ಅಂದ ನೋಡುವ ಮುಂಚೆ ನಿಮಿಷ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು, ಯಾಕೆಂದರೆ ಈ ಜಾತಿಯ ಸಿನಿಮಾಗಳಷ್ಟು ಕತ್ತರಿ ತಿಂದವು ಕಡಿಮೆ. 'ಆರ್ಮಿ ಆಫ್ ಡಾರ್ಕ್‌ನೆಸ್' ಅಮೆರಿಕದ ಚಿತ್ರಮಂದಿರದ ಪ್ರತಿ 81 ನಿಮಿಷ, ಅಂತರರಾಷ್ಟ್ರೀಯ ಪ್ರತಿ 88, ನಿರ್ದೇಶಕರದು 96. ಕೊನೆಯೂ ಬೇರೆ: 81ರದ್ದು ಅಂಗಡಿಯಲ್ಲಿ ಮುಗಿದರೆ 96ರದ್ದು ನಾಯಕ ಅಳತೆ ಮೀರಿ ನಿದ್ದೆ ಮಾಡಿ ಹಾಳುಬಿದ್ದ ಭವಿಷ್ಯದಲ್ಲಿ ಏಳುವಲ್ಲಿ ಮುಗಿಯುತ್ತದೆ. ಈ ಮೂರರ ಜೊತೆ ಟಿವಿ ಪ್ರತಿಯನ್ನೂ ಸೇರಿಸಿ ಸ್ಕ್ರೀಮ್ ಫ್ಯಾಕ್ಟರಿ ಎಂಬ ಡಿಸ್ಕ್ ಕಂಪನಿ 2015ರಲ್ಲಿ ಮೂರು ಡಿಸ್ಕಿನ ಆವೃತ್ತಿ ತಂದಿತು. ಒಂದನ್ನೇ ಕೊಳ್ಳುವುದಾದರೆ ನಮ್ಮ ಮತ ಅದಕ್ಕೆ. ಆದರೆ ಅಮೆರಿಕದ್ದಾದ್ದರಿಂದ ಮೇಲಿನ ರೀಜನ್ ಉತ್ತರ ಓದಿಕೊಂಡು ಮುಂದುವರಿಯಿರಿ.

ಪೀಟರ್ ಜಾಕ್ಸನ್ನರ 1992ರ 'ಬ್ರೇನ್‌ಡೆಡ್' ಪೂರ್ಣ ಪ್ರತಿ 104 ನಿಮಿಷ. ಅಮೆರಿಕದಲ್ಲಿ ಅದೇ ಸಿನಿಮಾ 'ಡೆಡ್ ಅಲೈವ್' ಎಂಬ ಹೆಸರಲ್ಲಿ 97 ನಿಮಿಷದ್ದೊಂದು, 85 ನಿಮಿಷದ್ದೊಂದು ಹೊರಬಂದಿತು. 85ರದ್ದನ್ನು ಪುಕ್ಕಟೆ ಕೊಟ್ಟರೂ ಬೇಡ, ರಕ್ತದ ಹಾಸ್ಯವೇ ಸಿನಿಮಾದ ಜೀವ, ಅದನ್ನೇ ಕತ್ತರಿಸಿದ್ದಾರೆ. ಪಾಲ್ ಡಿವಿಡಿಯ ಮೇಲೆ 100 ಎಂದಿದ್ದರೆ ಗಾಬರಿ ಬೇಡ, ಅದು 104ರದ್ದೇ.

ಹಾಗಂತ ಉದ್ದ ಇದ್ದದ್ದೇ ಪೂರ್ಣ ಎಂದುಕೊಳ್ಳಬೇಡಿ. 1985ರ 'ರೀ-ಆನಿಮೇಟರ್' ಕತ್ತರಿ ಬೀಳದ ಪ್ರತಿ 86 ನಿಮಿಷ. ಅಮೆರಿಕದ ವಯಸ್ಸಿನ ಮಿತಿಯ 'ಆರ್' ಸರ್ಟಿಫಿಕೇಟಿಗಾಗಿ ರಕ್ತದ ದೃಶ್ಯಗಳನ್ನು ತೆಗೆದರು, ಖಾಲಿಯಾದ ಜಾಗಕ್ಕೆ ಮೊದಲು ಬಿಟ್ಟಿದ್ದ ಮಾತಿನ ದೃಶ್ಯಗಳನ್ನು ತುಂಬಿದರು. ಹೀಗಾಗಿ ಕತ್ತರಿ ಬಿದ್ದದ್ದೇ ಹೆಚ್ಚು ಉದ್ದ! ಎರಡನ್ನೂ ಕೂಡಿಸಿದ 'ಇಂಟೆಗ್ರಲ್' ಪ್ರತಿ 105 ನಿಮಿಷ. ಕೂಡಿಡಲು ಅದು ಸರಿ, ನೋಡಲು 86ರದ್ದೇ ಚುರುಕು.

ನಿಮಿಷದಿಂದ ಗೊತ್ತಾಗದ ಬದಲಾವಣೆಯೂ ಉಂಟು. 1985ರ 'ದಿ ರಿಟರ್ನ್ ಆಫ್ ದಿ ಲಿವಿಂಗ್ ಡೆಡ್'ನ ಕೆಲವು ಡಿವಿಡಿಗಳಲ್ಲಿ ದಿ ಡ್ಯಾಮ್ಡ್ ತಂಡದ ಹಾಡಿನ ಜಾಗಕ್ಕೆ ಹಕ್ಕಿನ ತೊಡಕಿನಿಂದ ಬೇರೆ ಹಾಡು ಬಂದಿದೆ. ಮೊದಲ 'ಈವಿಲ್ ಡೆಡ್' 16 ಎಂಎಂ ಫಿಲ್ಮಿನಲ್ಲಿ ತೆಗೆದದ್ದು, ಮೂಲ ಚೌಕಟ್ಟು ಹಳೆ ಟಿವಿಯಂತೆ 4:3. ಅಗಲ ಪರದೆಗೆ ಹೊಂದಿಸಿದ ಪ್ರತಿಯಲ್ಲಿ ಮೇಲೆ ಕೆಳಗೆ ಚಿತ್ರ ಹೋಗಿರುತ್ತದೆ. 2010ರ ಆಂಕರ್ ಬೇ ಕಂಪನಿಯ ಬ್ಲೂರೇಯಲ್ಲಿ ಎರಡೂ ಇವೆ.

2002ರ 'ಈವಿಲ್ ಡೆಡ್' ಡಿವಿಡಿ ಇದೆ, ಹೊದಿಕೆ ಮನುಷ್ಯನ ಚರ್ಮದ ಪುಸ್ತಕದ ಹಾಗಿರುವುದು. ಈಗ ಮುಟ್ಟಿದರೆ ಕೈಗೆ ಅಂಟುತ್ತಿದೆ, ವಾಸನೆಯೂ ಬರುತ್ತಿದೆ. ಕೊಬ್ಬರಿ ಎಣ್ಣೆ ಸವರಲೇ?
— ಮೈಲೂರು, ಬೀದರ್

ಎಣ್ಣೆ ಮಾತ್ರ ಬೇಡವೇ ಬೇಡ. ಆ ಹೊದಿಕೆ ಲೇಟೆಕ್ಸ್, ಅಂದರೆ ರಬ್ಬರು. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಮತ್ತು ಓಝೋನ್ ಅದನ್ನು ಮೊದಲು ಅಂಟು ಮಾಡಿ ಆಮೇಲೆ ಒಣಗಿಸಿ ಬಿರುಕು ಬಿಡಿಸುತ್ತವೆ. ಎಣ್ಣೆ ತಾಗಿದ ರಬ್ಬರು ಉಬ್ಬಿ ಇನ್ನೂ ಬೇಗ ಕರಗುತ್ತದೆ. ಆಗಿರುವ ಹಾನಿ ವಾಪಸ್ ಬರುವುದಿಲ್ಲ, ಮುಂದಿನದನ್ನು ನಿಧಾನ ಮಾಡಬಹುದು.

ಮೊದಲು ಡಿಸ್ಕ್ ಮತ್ತು ಪುಸ್ತಿಕೆಯನ್ನು ಹೊರತೆಗೆದು ಬೇರೆ ಡಿವಿಡಿ ಡಬ್ಬಿಗೆ ಹಾಕಿ, ಯಾಕೆಂದರೆ ಕರಗುವ ರಬ್ಬರಿನ ಜಿಡ್ಡು ಕಾಗದಕ್ಕೆ ಇಳಿದರೆ ಕಲೆ ಹೋಗದು. ಹೊದಿಕೆಯ ಧೂಳನ್ನು ಮೆತ್ತನೆ ಒಣ ಬ್ರಷ್‌ನಿಂದ ತೆಗೆಯಿರಿ. ಸೋಪು, ಸ್ಪಿರಿಟ್, ಒದ್ದೆ ಬಟ್ಟೆ ಯಾವುದೂ ಬೇಡ. ಸುವಾಸನೆ ಇಲ್ಲದ ಟಾಲ್ಕ್ ಪುಡಿಯನ್ನು ಅದೇ ಬ್ರಷ್‌ನಿಂದ ತೆಳ್ಳಗೆ ಹಚ್ಚಿ ಜಾಡಿಸಿದರೆ ಅಂಟು ತಗ್ಗುತ್ತದೆ. ಅರ್ಧ ಚಮಚೆಗಿಂತ ಹೆಚ್ಚು ಹಾಕಿದರೆ ಹೊದಿಕೆಯ ಮೇಲಿನ ಮುಖದ ಗೆರೆಗಳಲ್ಲಿ ಬಿಳಿ ಕೂತುಬಿಡುತ್ತದೆ. ಬೇಕರಿಯವರು ಟ್ರೇಗೆ ಹಾಸುವ ಅಂಟದ ಬಟರ್ ಪೇಪರ್ ಸುತ್ತಿ, ಸ್ವಲ್ಪ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಮುಖ ಮೇಲಾಗಿ ಮಲಗಿಸಿ. ಮೇಲೆ ಭಾರ ಬೀಳಬಾರದು. ನಿಲ್ಲಿಸಿ ಸಾಲಿಗೆ ಒತ್ತಿಟ್ಟರೆ ಪಕ್ಕದ ಡಬ್ಬಿಗೆ ಅಂಟಿ, ಬಿಡಿಸುವಾಗ ಮೂಗೋ ತುಟಿಯೋ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಫ್ರಿಜ್ ಮೂರೂ ನಿಷಿದ್ಧ. ಫ್ರಿಜ್‌ನಿಂದ ತೆಗೆದ ಕೂಡಲೇ ಬೆವರುತ್ತದೆ.

2005ರಲ್ಲಿ ಬಂದ 'ಈವಿಲ್ ಡೆಡ್ 2' ಡಿವಿಡಿಯ ಇಂಥದೇ ಪುಸ್ತಕದ ಹೊದಿಕೆ ಕಣ್ಣು ಒತ್ತಿದರೆ ಕಿರುಚುತ್ತದೆ. ಅಂಥ ಸದ್ದಿನ ಪೆಟ್ಟಿಗೆ ಯಾವುದೇ ಇದ್ದರೂ ಸೆಲ್ ತೆಗೆದಿಡಿ. ಸೋರಿದರೆ ತಾಮ್ರದ ಸಂಪರ್ಕ ಹಸಿರಾಗುತ್ತದೆ, ತಾಮ್ರ ತಾಗಿದ ರಬ್ಬರಿಗೂ ಆಯುಷ್ಯ ಕಡಿಮೆ.

ನಮ್ಮದು ಫರಸಿ ಹೊದಿಸಿದ ಮಾಳಿಗಿ ಮನಿ. ಬ್ಯಾಸಿಗಿಯೊಳಗ ಅಲ್ಮಾರಿ ಮುಟ್ಟಿದ್ರ ಸುಡ್ತದ. ಡಿಸ್ಕ್ ಕರಗ್ತಾವೇನ್ರಿ? ಒಂದು ಸ್ಟೀಲ್‌ಬುಕ್‌ಗೆ ತುಕ್ಕೂ ಹಿಡದದ.
— ಚಿತ್ತಾಪುರ, ಕಲಬುರಗಿ ಜಿಲ್ಲೆ

ಡಿಸ್ಕಿನ ಪಾಲಿಕಾರ್ಬೊನೇಟ್ ಮೆತ್ತಗಾಗುವುದು 140 ಡಿಗ್ರಿ ದಾಟಿದ ಮೇಲೆ, ಮೇ ತಿಂಗಳ ನಮ್ಮ 43–44ಕ್ಕೆ ಅದು ಕರಗದು. ತೊಂದರೆ ಅಂಟಿನದ್ದು. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿದ್ದು. ವರ್ಷವರ್ಷವೂ ಕಾದು ಆರಿದರೆ ಅಂಚಿನಲ್ಲಿ ಅಂಟು ಬಿಟ್ಟು, ಗಾಳಿ ಒಳಸೇರಿ, ಹೊಳೆಯುವ ಪದರ ಕೊಳೆಯುತ್ತದೆ. ದೀಪಕ್ಕೆ ಹಿಡಿದು ನೋಡಿ: ಸೂಜಿಮೊನೆಯಂಥ ಬೆಳಕಿನ ಚುಕ್ಕೆ, ಅಂಚಿನಲ್ಲಿ ಮಬ್ಬು ವರ್ತುಲ ಕಂಡರೆ ಶುರುವಾಗಿದೆ ಎಂದರ್ಥ. ವಾರ್ನರ್ ಕಂಪನಿಯ 2006ರಿಂದ 2008ರ ಡಿವಿಡಿಗಳಲ್ಲಿ ಕೆಲವು ಚೆನ್ನಾಗಿಟ್ಟರೂ ಹೀಗಾಗಿವೆ, ಅವನ್ನು ಮೊದಲು ಪರೀಕ್ಷಿಸಿ.

ಅಲ್ಮಾರಿ ಪಡುವಣ ಗೋಡೆಗೆ ಬೇಡ. ಯಾವ ಗೋಡೆಯಾದರೂ ನಾಲ್ಕು ಬೆರಳು ಸಂದು ಬಿಡಿ, ಮೇಲಿನ ಅರೆಯಲ್ಲಿ ಪಾತ್ರೆ ಪಗಡಿ ಇಟ್ಟು ಡಿಸ್ಕನ್ನು ಕೆಳ ಅರೆಗೆ ತನ್ನಿ. ಫರಸಿ ಮಾಳಿಗೆಯ ಕೆಳಗೆ ತಲೆಯ ಮಟ್ಟಕ್ಕೂ ನೆಲದ ಮಟ್ಟಕ್ಕೂ ಕಾವಿನಲ್ಲಿ ಕಣ್ಣಿಗೆ ಕಾಣುವಷ್ಟು ಫರಕು ಇದೆ. ನೆಲಕ್ಕೇ ಇಡಬೇಡಿ, ರಟ್ಟಿನ ಹೊದಿಕೆ ಗೆದ್ದಲಿಗೆ ಹಬ್ಬ. ಡಿಸ್ಕ್‌ಗಳು ಪುಸ್ತಕದಂತೆ ನಿಂತಿರಲಿ.

ತುಕ್ಕಿನ ಕಾರಣ ಬಹುಶಃ ಕೂಲರ್. ನೀರಿನ ಕೂಲರ್ ಓಡುವ ಖೋಲಿಯಲ್ಲಿ ಕಡು ಬೇಸಿಗೆಯಲ್ಲೂ ಮಳೆಗಾಲದಷ್ಟು ತೇವ ಇರುತ್ತದೆ. ಸ್ಟೀಲ್‌ಬುಕ್ ಎಂದರೆ ತವರ ಲೇಪಿಸಿದ ತಗಡಿನ ಡಿಸ್ಕ್ ಪೆಟ್ಟಿಗೆ, ಬಣ್ಣ ಕೆತ್ತಿದ ಮೂಲೆಯಿಂದ ತುಕ್ಕು ಹಿಡಿಯುತ್ತದೆ. ಸಂಗ್ರಹ ಇರುವ ಖೋಲಿಯಲ್ಲಿ ಕೂಲರ್ ಬೇಡ. ಬೇರೆ ದಾರಿ ಇಲ್ಲದಿದ್ದರೆ ಗಟ್ಟಿ ಮುಚ್ಚಳದ 20 ಲೀಟರ್ ಡಬ್ಬಿಯಲ್ಲಿ ಇಟ್ಟು ತೇವ ಹೀರಿದಾಗ ಬಣ್ಣ ಬದಲಿಸುವ ಸಿಲಿಕಾ ಜೆಲ್ 50 ಗ್ರಾಂ ಹಾಕಿ. ಬಣ್ಣ ಬದಲಾದಾಗ 110 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಮತ್ತೆ ಬಳಸಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಕವರ್ ಕೊಳ್ಳುವಾಗ ಪಾಲಿಪ್ರೊಪಿಲೀನ್ ಕೇಳಿ. ಪಿವಿಸಿ ಕವರ್ ಕಾವಿಗೆ ಬೆವರಿ ಬಣ್ಣವನ್ನೇ ಎಳೆದುಕೊಳ್ಳುತ್ತದೆ. ನುಸಿಗುಳಿಗೆಯ ಆವಿಯೂ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಗೀರು ಬಿದ್ದ ಬ್ಲೂರೇಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಬಹುದೇ?
— ಹುಮನಾಬಾದ್

ಇಲ್ಲ. ಡಿವಿಡಿಯಲ್ಲಿ ಮಾಹಿತಿ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಸ್ವಲ್ಪ ಸವೆಸಿದರೂ ತಡೆದೀತು. ಬ್ಲೂರೇಯಲ್ಲಿ ಅದು ಬರೀ 0.1 ಮಿಲಿಮೀಟರ್ ಒಳಗೆ, ಮೇಲೆ ಗಟ್ಟಿ ಲೇಪ. ಉಜ್ಜಿದರೆ ಲೇಪ ಹೋಗಿ ಮಾಹಿತಿಯೂ ಹೋಗುತ್ತದೆ. ಬಹಳ ಸಲ ಗೀರು ಎಂದುಕೊಂಡದ್ದು ಬೆರಳಿನ ಜಿಡ್ಡಾಗಿರುತ್ತದೆ. ಡಿಸ್ಟಿಲ್ಡ್ ವಾಟರ್ ಒಂದು ಲೋಟ, ಪಾತ್ರೆ ತೊಳೆಯುವ ದ್ರವ ಒಂದು ಹನಿ. ಮೈಕ್ರೊಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಸುತ್ತಾಗಿ ಅಲ್ಲ. 100 ಜಿಬಿಯ ಮೂರು ಪದರದ 4ಕೆ ಡಿಸ್ಕ್ ನಡುವೆ ನಿಂತರೂ ಮೊದಲ ಮದ್ದು ಇದೇ.

ಮುಚ್ಚಿದ ವಿಡಿಯೊ ಲೈಬ್ರರಿಯೊಂದರಿಂದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿವೆ. ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಮೇಲೆ ಬಿಳಿ ಪುಡಿ ಕಾಣಿಸುತ್ತದೆ.
— ಸೇಡಂ

ಬೂಷ್ಟು. ವಿಸಿಆರ್‌ಗೆ ಹಾಕಬೇಡಿ, ಟೇಪ್ ಓದುವ ಹೆಡ್ ಕೆಡುವುದಲ್ಲದೆ ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಅಂಟುತ್ತದೆ. ಫುನಾಯ್ ಕಂಪನಿ 2016ರಲ್ಲಿ ತಯಾರಿ ನಿಲ್ಲಿಸಿದ ಮೇಲೆ ಹೊಸ ಯಂತ್ರ ಇಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಕ್ಯಾಸೆಟ್‌ಗಳನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಎರಡು ವಾರ ಒಣಗಿಸಿ. ನಂತರ ಅಂಗಳದಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು, ಬೆನ್ನಿನ ಐದು ಸ್ಕ್ರೂ ಬಿಚ್ಚಿ, ಸುರುಳಿಗಳ ಅಂಚನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಶುದ್ಧವಾದ ಬೇರೆ ಕವಚಕ್ಕೆ ಕೂಡಿಸಿ. ಟೇಪ್ ದಾರಿ ಬಿಚ್ಚುವ ಮೊದಲು ಫೋಟೊ ತೆಗೆದಿಡಿ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೇ ಸಲಕ್ಕೆ ಅದು ತಡೆಯದಿರಬಹುದು.

ಕನ್ನಡದ ಹಳೆ ಹಾರರ್ ಕಾಮಿಡಿ ವಿಸಿಡಿ ಕೂಡಿಡುವುದರಲ್ಲಿ ಅರ್ಥ ಇದೆಯೇ?
— ಸುರಪುರ

ಇದೆ. ವಿಸಿಡಿ ಚಿತ್ರ 352×288 ಚುಕ್ಕಿಯಷ್ಟೇ, ದೊಡ್ಡ ಟಿವಿಯಲ್ಲಿ ಮಸುಕು. ಆದರೂ ಬೇರೆ ಯಾವ ರೂಪದಲ್ಲೂ ಸಿಗದ ಸಿನಿಮಾಗೆ ಅದೇ ಆಧಾರ. ಡಿಸ್ಕಿನ ಎಂಪಿಇಜಿಎವಿ (MPEGAV) ಫೋಲ್ಡರಿನ ಡಿಎಟಿ (DAT) ಕಡತವನ್ನು ಕಂಪ್ಯೂಟರಿಗೆ ತೆಗೆದಿಡಿ. ಒಂದು ಡಿಸ್ಕಿಗೆ ಸುಮಾರು 74ರಿಂದ 80 ನಿಮಿಷ ಹಿಡಿಯುತ್ತದೆ, ಹೀಗಾಗಿ ಎರಡೂವರೆ ತಾಸು ಮೀರಿದ ಸಿನಿಮಾಗೆ ಬಹಳ ಸಲ ಮೂರು ಡಿಸ್ಕ್ ಬೇಕು. ಎರಡೇ ಇದ್ದರೆ ಒಂದು ಕಳೆದಿರಬಹುದು, ಇಲ್ಲವೇ ಹಾಡು ಕತ್ತರಿಸಿರಬಹುದು.

ಸೀಲ್ ಒಡೆಯದೆ ಇಟ್ಟರೆ ಬೆಲೆ ಹೆಚ್ಚಲ್ಲವೇ?
— ಬಸವಕಲ್ಯಾಣ

ಮಾರುವುದೇ ಉದ್ದೇಶವಾದರೆ ಹೆಚ್ಚು, ಅದೂ 4ಕೆ ಮರುಬಿಡುಗಡೆ ಆಗುವ ತನಕ. ನೋಡಲು ಕೊಂಡಿದ್ದರೆ ಬಂದ ದಿನವೇ ಒಡೆಯಿರಿ. ದಾರಿಯಲ್ಲಿ ಡಿಸ್ಕ್ ಕಳಚಿ ಗೀರಿರುತ್ತದೆ, ಒಮ್ಮೊಮ್ಮೆ ಎರಡನೇ ಡಿಸ್ಕಿನ ಜಾಗದಲ್ಲೂ ಮೊದಲನೆಯದೇ ಇರುತ್ತದೆ, ವಾಪಸ್ ಕೊಡುವ ಗಡುವು ಕೆಲವೇ ದಿನ. ನಮ್ಮ ಬಿಸಿಲಿಗೆ ಸೀಲಿನ ಪ್ಲಾಸ್ಟಿಕ್ ಇನ್ನಷ್ಟು ಬಿಗಿದು ರಟ್ಟಿನ ಹೊದಿಕೆಯನ್ನು ಬಿಲ್ಲಿನಂತೆ ಬಾಗಿಸುತ್ತದೆ. ಹಳೆಯದನ್ನು ಕೊಳ್ಳುವಾಗ ಡಿಸ್ಕಿನ ಅಡಿಭಾಗ ಮತ್ತು ನಡುವಿನ ಉಂಗುರದ ಫೋಟೊ ಕೇಳಿ: ಕಾರ್ಖಾನೆಯ ಡಿವಿಡಿ ಬೆಳ್ಳಿ ಅಥವಾ ಹೊಂಬಣ್ಣ, ಉಂಗುರದಲ್ಲಿ ಸಾಮಾನ್ಯವಾಗಿ ಐಎಫ್‌ಪಿಐ ಎಂಬ ಅಕ್ಷರ ಕೆತ್ತಿರುತ್ತದೆ. ನೇರಳೆ ಬಣ್ಣ ಕಂಡರೆ ಮನೆಯಲ್ಲಿ ಬರೆದ ನಕಲು, ಪೆಟ್ಟಿಗೆ ಎಷ್ಟೇ ಅಸಲಿಯಂತೆ ಕಂಡರೂ ಹಣ ಕಳಿಸಬೇಡಿ.