ಫೆಲೋಶಿಪ್ ಮುಗಿದಿದೆ, ಥೀಸಿಸ್ ಮುಗಿದಿಲ್ಲ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಸುಧಾ ಅನ್ನೋಣ. ವಯಸ್ಸು 31, ಬೆಂಗಳೂರಿನಲ್ಲಿ ಕಂಪ್ಯೂಟೇಶನಲ್ ಬಯಾಲಜಿ (ಜೀವವಿಜ್ಞಾನದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿಷಯ) ಪಿಎಚ್‌ಡಿ, ಆರನೇ ವರ್ಷ. ನಿದ್ದೆ ಬರ್ತಿಲ್ಲ ಮೇಡಂ ಅಂತ ನನ್ನ ಹತ್ತಿರ ಸಲಹೆಗೆ ಬಂದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ದುಡ್ಡಿನ ವಿಷಯ ಹೊರಗೆ ಬಂತು.

ಪಿಎಚ್‌ಡಿ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್‌ನಲ್ಲಿ ಮೊದಲು ಜೆಆರ್‌ಎಫ್ (ಜೂನಿಯರ್ ಹಂತ) ಎರಡು ವರ್ಷ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ಹಂತ) ಮೂರು ವರ್ಷ. 2023ರ ಜನವರಿಯಿಂದ ಮೊದಲ ಹಂತಕ್ಕೆ ತಿಂಗಳಿಗೆ 37,000, ಎರಡನೇ ಹಂತಕ್ಕೆ 42,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ. ಐದು ವರ್ಷ ತುಂಬಿದರೆ ನಿಂತುಹೋಗುತ್ತದೆ. ಇವರಿಗೆ ಆಸ್ಪತ್ರೆಯಿಂದ ಬರಬೇಕಿದ್ದ ಟ್ಯೂಮರ್ (ಗೆಡ್ಡೆ) ಸ್ಯಾಂಪಲ್‌ಗಳಿಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ತಡವಾಗಿ, ಅವುಗಳ ಜೀನ್ ಓದಿ ತೆಗೆಯುವ ಸೀಕ್ವೆನ್ಸಿಂಗ್ ಡೇಟಾ ಕೈಗೆ ಸಿಕ್ಕಿದ್ದೇ ನಾಲ್ಕನೇ ವರ್ಷದಲ್ಲಿ. ಇದರಲ್ಲಿ ಇವರ ತಪ್ಪೇನಿದೆ?

ಊರಲ್ಲಿ ಅಪ್ಪ ಎಲ್ಲರಿಗೂ "ಮಗಳು ಸೈಂಟಿಸ್ಟ್" ಅಂತ ಹೇಳಿಕೊಂಡಿದ್ದಾರೆ. ತಿಂಗಳಾ ತಿಂಗಳಾ ಮನೆಗೆ ಕಳಿಸುತ್ತಿದ್ದ 8,000 ರೂಪಾಯಿ ನಿಲ್ಲಿಸೋಕೆ ಮನಸ್ಸಾಗದೆ, ಇರೋ ಉಳಿತಾಯ ಕರಗಿಸಿ, ಆಮೇಲೆ ಗೆಳತಿಯ ಹತ್ತಿರ ಸಾಲ ಮಾಡಿ ಕಳಿಸುತ್ತಿದ್ದರು. ಗೈಡ್‌ಗೂ ಗೊತ್ತಿಲ್ಲ. ಈ ನಡುವೆ ಒಂದು ಕಂಪನಿಯಿಂದ ಬಯೋಇನ್ಫರ್ಮ್ಯಾಟಿಕ್ಸ್ ಕೆಲಸದ ಆಫರ್ ಬಂದಿತ್ತು. ಅದಕ್ಕೂ ಉತ್ತರ ಕೊಟ್ಟಿರಲಿಲ್ಲ. ಕಂಪನಿಗೆ ಹೋದರೆ ಸೋತ ಹಾಗೆ ಅಂತ ಲ್ಯಾಬ್‌ನಲ್ಲಿ ಮಾತಂತೆ. ಈ ಮಾತು ನನಗೆ ಸಾಕಾಗಿಹೋಗಿದೆ. ಅಲ್ಲಿ ಮಾಡೋದೂ ಅದೇ ಡೇಟಾ ಕೆಲಸ, ಸಂಬಳ ಮಾತ್ರ ಟೈಮಿಗೆ ಬರುತ್ತದೆ.

ನಾನು ಹೇಳಿದ್ದು ಇಷ್ಟು. ಫೆಲೋಶಿಪ್ ನಿಂತಿದ್ದು ಸ್ಕೀಮಿನ ನಿಯಮದಿಂದ, ನಿಮ್ಮ ಯೋಗ್ಯತೆ ನೋಡಿ ಯಾರೂ ನಿಲ್ಲಿಸಿಲ್ಲ. ಮೊದಲು ಗೈಡ್ ಹತ್ತಿರ ಹೋಗಿ. "ಕಷ್ಟ ಆಗ್ತಿದೆ ಸರ್" ಅಂತ ಸುಮ್ನೆ ತೇಲಿಸಬೇಡಿ. ಯಾವ ತಿಂಗಳಿಂದ ದುಡ್ಡಿಲ್ಲ, ಯಾವ ಅಧ್ಯಾಯ ಬಾಕಿ, ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅವರ ಪ್ರಾಜೆಕ್ಟ್‌ನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ (ಪ್ರಾಜೆಕ್ಟ್ ದುಡ್ಡಿನಿಂದ ಸಂಬಳ ಸಿಗುವ ಕೆಲಸ) ಜಾಗ ಖಾಲಿ ಇದೆಯಾ ಅಂತ ನೇರವಾಗಿ ಕೇಳಿ. ಎರಡನೇ ಪೇಪರ್ (ಸಂಶೋಧನಾ ಲೇಖನ) ಇಲ್ಲದೆಯೇ ಥೀಸಿಸ್ ಸಬ್ಮಿಟ್ ಮಾಡಬಹುದಾ ಅಂತಾನೂ ಕೇಳಿ. ಥೀಸಿಸ್ ಸಬ್ಮಿಟ್ ಆದ ಮೇಲೆ ಸೇರ್ತೀನಿ ಅಂತ ಕಂಪನಿಗೆ ಒಂದು ಮೇಲ್ ಹಾಕಿ. ಒಪ್ಪಬಹುದು, ಒಪ್ಪದೆಯೂ ಇರಬಹುದು, ಕೇಳೋಕೆ ದುಡ್ಡು ಬೇಕಾ?

ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಬಾಗಿಲು ಮುಚ್ಚಿತು ಅಂತ ಅವರಿಗೆ ಭಯ. ಅದು ಹಾಗಿಲ್ಲ. ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿ ಸೆರ್ಬ್ ನಡೆಸಿಕೊಂಡು ಬಂದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ವಯಸ್ಸಿನ ಮಿತಿ 35 ಇತ್ತು, ಮಹಿಳೆಯರಿಗೆ ಐದು ವರ್ಷ ಜಾಸ್ತಿ. ಥೀಸಿಸ್ ಸಬ್ಮಿಟ್ ಮಾಡಿ ಡಿಗ್ರಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದಿತ್ತು. ಈಗ ಸೆರ್ಬ್ ಜಾಗದಲ್ಲಿ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಬಂದಿದೆ, ಹೊಸ ಪ್ರಕಟಣೆ ಓದಿಕೊಂಡೇ ಹಾಕಿ ಅಂದೆ.

ಅಪ್ಪನಿಗೆ ಹೇಳೋದೇ ಅವರಿಗೆ ಬೆಟ್ಟದಷ್ಟು ಕಷ್ಟವಾಗಿತ್ತು. ಫೋನಿನಲ್ಲಿ ಹೇಳುವ ಮಾತನ್ನು ನನ್ನೆದುರಿಗೇ ಜೋರಾಗಿ ಹೇಳಿಸಿ ನೋಡಿದೆ, ಮೊದಲ ಸಲ "ಅಪ್ಪಾ..." ಅಂತ ಅಲ್ಲಿಗೇ ನಿಂತರು.

ಗೈಡ್ ಆರು ತಿಂಗಳಿಗೆ ಪ್ರಾಜೆಕ್ಟ್‌ನಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಕಂಪನಿ ಕಾಯಲು ಒಪ್ಪಿಲ್ಲ. ಅಪ್ಪ ಕೇಳಿದ್ದು ಒಂದೇ, ಗೆಳತಿಗೆ ಎಷ್ಟು ಕೊಡಬೇಕು ಅಂತ.