ಎಕ್ಸ್‌ರೇಯಿಂದ ಸಿಟಿ ಸ್ಕ್ಯಾನ್‌ಗೆ

ರೇಡಿಯೋಗ್ರಫಿ ಡಿಪ್ಲೊಮಾ ಮುಗಿಸಿ ಎಕ್ಸ್‌ರೇ ಮಾಡುತ್ತಿದ್ದೀರಿ, ಸಿಟಿ ಸ್ಕ್ಯಾನ್ ಕೆಲಸಕ್ಕೆ ಹೋಗಲು ಮತ್ತೆ ಪೂರ್ತಿ ಕೋರ್ಸ್ ಬೇಕಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಬೇಡ. ನೀವು ಓದಿದ್ದೇ ಇದಕ್ಕೂ ಬುನಾದಿ. ಅದರ ಮೇಲೆ ಸಿಟಿಯಲ್ಲಿ ತರಬೇತಿ ಬೇಕು. ಕೆಲವು ಕಡೆ ಪ್ರತ್ಯೇಕ ಪರೀಕ್ಷೆಯೂ ಇದೆ, ಅಮೆರಿಕದಲ್ಲಿ ಅದನ್ನು ತಂತ್ರಜ್ಞರಿಗೆ ಪ್ರಮಾಣಪತ್ರ ಕೊಡುವ ಎಆರ್‌ಆರ್‌ಟಿ ಸಂಸ್ಥೆ ನಡೆಸುತ್ತದೆ.

ಮೊದಲು ದೇಹವನ್ನು ಅಡ್ಡಡ್ಡ ಸೀಳಿದಂತೆ ತೋರಿಸುವ ಅನಾಟಮಿ ಕಲಿಯಿರಿ. ಎಕ್ಸ್‌ರೇಗೆ ಪಳಗಿದ ಕಣ್ಣಿಗೆ ಶುರುವಿನಲ್ಲಿ ಗೋಜಲು ಅನಿಸುತ್ತದೆ. ಬಟನ್ ಒತ್ತುವುದು ಬೇಗ ಬರುತ್ತದೆ, ಬಿಡಿ.

ಜಾಸ್ತಿ ಎಚ್ಚರ ಬೇಕಾಗಿರುವುದು ಕಾಂಟ್ರಾಸ್ಟ್, ಅಂದರೆ ಸ್ಕ್ಯಾನಿನಲ್ಲಿ ರಕ್ತನಾಳ, ಅಂಗಗಳು ಎದ್ದು ಕಾಣಲು ಬಳಸುವ ದ್ರವ, ಕೊಡುವಾಗ. ಹಿಂದೆ ಅಲರ್ಜಿ ಆಗಿತ್ತಾ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎಷ್ಟು, ಗರ್ಭಿಣಿಯಾ, ಎಲ್ಲ ಕೇಳಲೇಬೇಕು. ಆಂಜಿಯೋಗೆ, ಅಂದರೆ ರಕ್ತನಾಳಗಳ ಸ್ಕ್ಯಾನಿಗೆ, ಇಂಜೆಕ್ಟರ್ ಯಂತ್ರ ಇದನ್ನು ಸೆಕೆಂಡಿಗೆ 4–5 ಮಿಲಿ ವೇಗದಲ್ಲಿ ತಳ್ಳುತ್ತದೆ. ಅದಕ್ಕೇ ಮೊದಲು ಸಲೈನ್ ಬಿಟ್ಟು, ಸೂಜಿ ಚುಚ್ಚಿದ ಜಾಗ ಮುಟ್ಟಿ ನೋಡಬೇಕು. ಊದಿದರೆ ಅಲ್ಲೇ ನಿಲ್ಲಿಸಿ. ‘ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನಿಸಬಹುದು, ಹೆದರಬೇಡಿ’ ಅಂತ ರೋಗಿಗೆ ಮುಂಚೆಯೇ ಹೇಳಿ. ಹೇಳದಿದ್ದರೆ ಗಾಬರಿಯಲ್ಲಿ ಅಲುಗಾಡುತ್ತಾರೆ, ಸ್ಕ್ಯಾನ್ ಕೆಡುತ್ತದೆ. ಪಾಪ, ಅವರ ತಪ್ಪೇನೂ ಅಲ್ಲ.

ನೀವಿರುವ ಆಸ್ಪತ್ರೆಯಲ್ಲೇ ಸಿಟಿ ಇದ್ದರೆ, ಹೊರಗೆ ಹುಡುಕುವ ಮೊದಲು ಸೀನಿಯರ್ ಜೊತೆ ಒಂದಷ್ಟು ಪಾಳಿ ಕೇಳಿ ನೋಡಿ. ತುರ್ತು ಕೇಸು ಬರುವ ಪಾಳಿಯಾದರೆ ಇನ್ನೂ ಒಳ್ಳೆಯದು.